ಹಕ್ಕಿ ಕೊಡುವ ಅಂತರ

ಹಕ್ಕಿಯ ಫೋಟೊ ಎಂದ ಕೂಡಲೇ ಕಣ್ಣಿಗೆ ಕಟ್ಟುವುದು ತೋಳುದ್ದದ ಲೆನ್ಸು. ಐನೂರು, ಆರುನೂರು ಮಿಲಿಮೀಟರಿನ ಟೆಲಿ ಲೆನ್ಸ್ ಹೊತ್ತವರು ರಂಗನತಿಟ್ಟಿನ ದೋಣಿಯಲ್ಲೂ ಕಬಿನಿಯ ಜೀಪಿನಲ್ಲೂ ಬೇಕಾದಷ್ಟು ಜನ ಸಿಗುತ್ತಾರೆ. ಹೂವು, ಇರುವೆ, ಜೇಡಗಳಿಗೆಂದು ಮಾಡಿದ ಗಿಡ್ಡನೆಯ ಮ್ಯಾಕ್ರೊ ಲೆನ್ಸ್ ಹಿಡಿದು ಹಕ್ಕಿಯ ಮುಂದೆ ಕೂರುವವರು ವಿರಳ. ಹಾಗೆ ಕೂರುವುದು ಹುಡುಗಾಟವಲ್ಲ. ಅದೊಂದು ಬೇರೆಯೇ ವಿದ್ಯೆ. ಅದನ್ನು ಕಲಿಯಲು ಕಾಡಿಗೂ ಹೋಗಬೇಕಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದಿಂದ ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ಸಿಗುವ ಬಸ್ತಿಹಳ್ಳಿ ಸಾಕು.

ಮೊದಲು ಲೆನ್ಸಿನ ವಿಚಾರ. ಮ್ಯಾಕ್ರೊ ಲೆನ್ಸು ಎದುರಿಗಿರುವ ವಸ್ತುವನ್ನು ಅದರ ನಿಜಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡಿಸಬಲ್ಲದು. ಒಂದು ಸೆಂಟಿಮೀಟರ್ ಉದ್ದದ ಇರುವೆ ಸೆನ್ಸರಿನ ಮೇಲೂ ಒಂದು ಸೆಂಟಿಮೀಟರೇ ಇರುತ್ತದೆ. ಇದಕ್ಕಾಗಿ ನೂರು ಮಿಲಿಮೀಟರಿನ ಮ್ಯಾಕ್ರೊ ಸುಮಾರು 30 ಸೆಂಟಿಮೀಟರಿನಷ್ಟು ಹತ್ತಿರಕ್ಕೂ ಫೋಕಸ್ ಆಗುತ್ತದೆ. ದೊಡ್ಡ ಟೆಲಿ ಲೆನ್ಸುಗಳು ಕೆಲವು ಮೀಟರಿನೊಳಗೆ ಬಂದದ್ದನ್ನು ನೋಡಲಾರವು. ಟ್ಯಾಮ್ರಾನಿನ 90, ಕ್ಯಾನನ್ನಿನ 100, ನಿಕಾನಿನ 105 ಮಿಲಿಮೀಟರ್ ಲೆನ್ಸುಗಳು ನಮ್ಮ ಊರುಗಳ ಫೋಟೊಗ್ರಾಫರುಗಳ ಚೀಲದಲ್ಲಿ ಸಾಮಾನ್ಯ. ಮದುವೆ ಮನೆಯಲ್ಲಿ ಉಂಗುರ, ಮಾಂಗಲ್ಯದ ಚಿತ್ರ ತೆಗೆಯುವುದೂ ಇವುಗಳಲ್ಲೇ.

ಬದುಕಿರುವ ಕಾಡುಹಕ್ಕಿ ಯಾರನ್ನೂ 30 ಸೆಂಟಿಮೀಟರಿಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾದರೆ ನಿಜಗಾತ್ರದ ಆ ಸಾಮರ್ಥ್ಯ ಹಕ್ಕಿಗೆ ವ್ಯರ್ಥವಲ್ಲವೇ ಎಂದು ಕೇಳಬಹುದು. ವ್ಯರ್ಥವಲ್ಲ. ಹತ್ತಿರದ ವಸ್ತುವಿಗೆಂದೇ ತಿದ್ದಿ ತೀಡಿದ ಗಾಜು ಅದು. ಒಂದೆರಡು ಮೀಟರಿನಲ್ಲಿ ಕೂತ ಹಕ್ಕಿಯ ಗರಿಯ ಎಳೆಯನ್ನು ಅದು ಬಿಡಿಸಿ ತೋರಿಸುತ್ತದೆ. ಚಿತ್ರದ ಮೂಲೆಗಳಲ್ಲೂ ಗೆರೆ ಮಸುಕಾಗುವುದಿಲ್ಲ. ಆದರೆ ಲೆಕ್ಕ ಮಾತ್ರ ಕಟ್ಟುನಿಟ್ಟು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ನೂರು ಮಿಲಿಮೀಟರಿನ ಲೆನ್ಸು ಐದು ಮೀಟರ್ ದೂರದಲ್ಲಿ ಹೆಚ್ಚುಕಡಿಮೆ 1.8 ಮೀಟರ್ ಅಗಲದ ಜಾಗವನ್ನು ಚಿತ್ರದೊಳಗೆ ತರುತ್ತದೆ. ಅಷ್ಟಗಲದಲ್ಲಿ ಗೊರವಂಕವೊಂದು ಚುಕ್ಕೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಎರಡು ಮೀಟರಿಗೆ ಬಂದರೆ ಅದೇ ಗೊರವಂಕ ಚಿತ್ರದ ಮೂರರಲ್ಲೊಂದು ಭಾಗ ತುಂಬುತ್ತದೆ. ಒಂದೇ ಮೀಟರಿಗೆ ಬಂದರೆ ಹತ್ತು ಸೆಂಟಿಮೀಟರಿನ ಸೂರಕ್ಕಿಗೂ ಅಷ್ಟೇ ಜಾಗ ಸಿಗುತ್ತದೆ. ಟೆಲಿ ಲೆನ್ಸಿನವನು ಗಾಜಿನ ಬಲದಿಂದ ದೂರವನ್ನು ಕಡಿಮೆ ಮಾಡಿಕೊಳ್ಳುತ್ತಾನೆ. ಮ್ಯಾಕ್ರೊ ಹಿಡಿದವನಿಗೆ ಆ ದೂರವನ್ನು ಹಕ್ಕಿಯೇ ಬಿಟ್ಟುಕೊಡಬೇಕು. ನನ್ನ ಮಟ್ಟಿಗೆ ಈ ವಿದ್ಯೆಯ ಸೊಗಸೆಲ್ಲ ಇರುವುದು ಇಲ್ಲೇ.

ಪ್ರತಿ ಹಕ್ಕಿಗೂ ಒಂದು ಗಡಿ ಇರುತ್ತದೆ. ಅದರೊಳಗೆ ಕಾಲಿಟ್ಟರೆ ಹಾರುತ್ತದೆ, ಹೊರಗಿದ್ದರೆ ತನ್ನ ಪಾಡಿಗೆ ತಾನಿರುತ್ತದೆ. ಈ ಗಡಿ ಜಾತಿಯಿಂದ ಜಾತಿಗೆ, ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಕವಣೆ ಬೀಸುವ ಹುಡುಗರಿರುವ ತೋಪಿನ ಮಡಿವಾಳ ಹಕ್ಕಿ ದೂರದಿಂದಲೇ ಜಾಗ ಖಾಲಿ ಮಾಡುತ್ತದೆ. ಜನ ಬಂದು, ಕೈಮುಗಿದು, ಹೋಗುತ್ತಲೇ ಇರುವ ದೇವಸ್ಥಾನದ ಅಂಗಳದಲ್ಲಿ ಅದೇ ಜಾತಿಯ ಹಕ್ಕಿ ನಾಲ್ಕಾರು ಹೆಜ್ಜೆಯಲ್ಲೇ ಹುಳು ಹೆಕ್ಕುತ್ತಿರುತ್ತದೆ. ಬಸ್ತಿಹಳ್ಳಿ ಈ ಕೆಲಸಕ್ಕೆ ಒದಗಿಬರುವುದು ಇದೇ ಕಾರಣಕ್ಕೆ. ಹೊಯ್ಸಳೇಶ್ವರಕ್ಕೆ ಬಸ್ಸುಗಟ್ಟಲೆ ಬರುವವರಲ್ಲಿ ಕೆಲವರಷ್ಟೇ ಇಲ್ಲಿಯವರೆಗೆ ಬರುತ್ತಾರೆ. ಹಕ್ಕಿಗೆ ಮನುಷ್ಯನ ರೂಢಿಯಾಗುವಷ್ಟು ಜನರಿದ್ದಾರೆ, ರೋಸಿಹೋಗುವಷ್ಟಿಲ್ಲ. ಹಿಂದೆ ಮುಂದೆ ಹೊಲ, ತೆಂಗಿನ ತೋಟ, ಸ್ವಲ್ಪ ದೂರದಲ್ಲಿ ದ್ವಾರಸಮುದ್ರದ ಕೆರೆ. ಬಯಲಿನ ಹಕ್ಕಿ, ತೋಟದ ಹಕ್ಕಿ, ನೀರಿನ ಹಕ್ಕಿ ಮೂರೂ ಇಲ್ಲಿ ಕೂಡುತ್ತವೆ.

ಇಲ್ಲಿ ಒಂದೇ ಆವರಣದಲ್ಲಿ ಮೂರು ಬಸದಿಗಳಿವೆ: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ ಕಟ್ಟಿಸಿದ. ಒಳಗಿನ ನವರಂಗದ ಕಪ್ಪು ಕಂಬಗಳಲ್ಲಿ ಮುಖ ನೋಡಿಕೊಳ್ಳಬಹುದು, ಅಂಥ ನುಣುಪು. ಹೊರಗೋಡೆ ಮಾತ್ರ ಬಹುಮಟ್ಟಿಗೆ ಸಾದಾ. ಅರೆಗಂಬಗಳನ್ನು ಬಿಟ್ಟರೆ ಹೊಯ್ಸಳೇಶ್ವರದ ಆನೆ, ಕುದುರೆ, ಮಕರ, ಹಂಸಗಳ ಸಾಲು ಇಲ್ಲಿಲ್ಲ. ನೋಡಲು ಬಂದವರು ಈ ಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಕ್ಕಿ ತೆಗೆಯುವವನಿಗೆ ಇಷ್ಟು ಒಳ್ಳೆಯ ಹಿನ್ನೆಲೆ ಬೇರೆ ಇಲ್ಲ. ಟೆಲಿ ಲೆನ್ಸು ಹಿಂದಿನದನ್ನೆಲ್ಲ ಬಣ್ಣದ ಮಂಜಾಗಿಸಿಬಿಡುತ್ತದೆ. ನೂರು ಮಿಲಿಮೀಟರಿನ ಲೆನ್ಸಿನಲ್ಲಿ ಹಿಂದಿರುವುದು ಮಸುಕಾದರೂ ಗುರುತು ಉಳಿಯುತ್ತದೆ. ಅದಕ್ಕೇ ಕೆತ್ತನೆ ಕಿಕ್ಕಿರಿದ ಗೋಡೆಯ ಮುಂದೆ ಸಣ್ಣ ಹಕ್ಕಿ ಕಳೆದುಹೋಗುತ್ತದೆ, ಬಸ್ತಿಹಳ್ಳಿಯ ಬಳಪದ ಕಲ್ಲಿನ ಬೂದುಬಣ್ಣದ ಮುಂದೆ ಎದ್ದು ಕಾಣುತ್ತದೆ. ಬಸದಿಗಳು ಉತ್ತರಕ್ಕೆ ಮುಖ ಮಾಡಿರುವುದರಿಂದ, ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಮುಂಭಾಗದ ಜಗಲಿ ನೆರಳಿನಲ್ಲೇ ಇರುತ್ತದೆ. ಹೊರಗೆ ಬಿಸಿಲು ಕಣ್ಣು ಕುಕ್ಕುವ ಹೊತ್ತಿನಲ್ಲೂ ಅಲ್ಲಿ ಮೆದು ಬೆಳಕು. ಗೊರವಂಕದ ಕಂದು, ಬೂದು, ಕಪ್ಪು ಮೂರೂ ಬೇರೆ ಬೇರೆಯಾಗಿ ಕಾಣುವುದು ಅಂಥ ಬೆಳಕಿನಲ್ಲೇ.

ಇನ್ನು ಹತ್ತಿರ ಹೋಗುವ ಬಗೆ. ನೇರ ನಡೆದು ಹೋಗುವವನನ್ನು ಹಕ್ಕಿ ಬೇಟೆಗಾರನೆಂದೇ ತಿಳಿಯುತ್ತದೆ. ಓರೆಯಾಗಿ, ಬೇರೆಲ್ಲೋ ನೋಡುತ್ತ, ನಿಂತು ನಿಂತು ಹೋಗಬೇಕು. ಕುಕ್ಕರಗಾಲಿನಲ್ಲಿ ಕೂರುವುದಾದರೆ ದೂರದಲ್ಲೇ ಕೂರಬೇಕು, ಹತ್ತಿರ ಬಂದು ದಿಢೀರನೆ ಕೂತರೆ ಹೋಯಿತು. ಕ್ಯಾಮೆರಾವನ್ನು ಮೊದಲಿನಿಂದಲೂ ಎದೆಮಟ್ಟದಲ್ಲಿ ಹಿಡಿದಿದ್ದರೆ ಕೊನೆಯಲ್ಲಿ ಕಣ್ಣಿಗೆ ಎತ್ತುವ ದೊಡ್ಡ ಚಲನೆ ತಪ್ಪುತ್ತದೆ. ಇವೆಲ್ಲ ಬಾಯಿಪಾಠ ಮಾಡಬಹುದಾದ ಮಾತುಗಳು. ಹಕ್ಕಿಯ ಮೈಯನ್ನು ಓದುವುದು ಮಾತ್ರ ಕೂತು ನೋಡಿದವರಿಗೇ ಬರುವಂಥದ್ದು. ಗರಿ ಉಬ್ಬಿಸಿಕೊಂಡು, ಒಂಟಿಕಾಲಲ್ಲಿ ನಿಂತು, ಕೊಕ್ಕಿನಿಂದ ಮೈ ಸವರಿಕೊಳ್ಳುತ್ತಿದ್ದರೆ ಅದು ನಿರಾಳವಾಗಿದೆ ಎಂದರ್ಥ. ಕತ್ತು ನಿಗುರಿ, ಗರಿ ಮೈಗಂಟಿ, ತಿನ್ನುವುದು ನಿಂತರೆ ಗಡಿ ಮುಟ್ಟಿದ್ದೇವೆ. ಬಾಲ ಅಲುಗಿ, ಕಾಲು ತುಸು ಮಡಚಿದರೆ ಮುಂದಿನದು ಹಾರಾಟ. ಕತ್ತು ನಿಗುರಿದಾಗಲೇ ಅರ್ಧ ಹೆಜ್ಜೆ ಹಿಂದೆ ಸರಿಯುವವನಿಗೆ ಆ ಹಕ್ಕಿ ಮತ್ತೆ ಸಿಗುತ್ತದೆ. ಹಿಂದೆ ಸರಿಯುವುದೇ ಈ ವಿದ್ಯೆಯ ಅತಿ ಕಷ್ಟದ ಪಟ್ಟು.

ಕೆರೆಯಂಚಿನ ಕೊಳದ ಬಕ ಇದಕ್ಕೆ ಒಳ್ಳೆಯ ಗುರು. ಮೈಯ ಮೇಲಿನ ಮಣ್ಣುಬಣ್ಣ, ಕತ್ತಿನ ಗೀರುಗಳ ಮೇಲೆ ಅದಕ್ಕೆ ಎಷ್ಟು ಭರವಸೆಯೆಂದರೆ ಕಾಲ ಬುಡಕ್ಕೆ ಬರುವವರೆಗೂ ಅಲುಗುವುದಿಲ್ಲ. ಹಾರಿದಾಗ ಮಾತ್ರ ಅಡಗಿದ್ದ ಬಿಳಿ ರೆಕ್ಕೆ ಬಿಚ್ಚಿ ಎದುರಿನವರನ್ನು ಬೆಚ್ಚಿಬೀಳಿಸುತ್ತದೆ. ಹುಲ್ಲಿನಲ್ಲಿ ಮಂಡಿಯೂರಿ, ಲೆನ್ಸನ್ನು ಅದರ ಕಣ್ಣಿನ ಮಟ್ಟಕ್ಕೆ ಇಳಿಸಿ, ಅಪರ್ಚರನ್ನು ಎಫ್ 4ಕ್ಕೆ ಇಟ್ಟರೆ, ಎರಡು ಮೀಟರಿನಲ್ಲಿ ಎಂಟು ಸೆಂಟಿಮೀಟರಿನಷ್ಟು ಆಳ ಸ್ಪಷ್ಟವಾಗಿ ಬರುತ್ತದೆ. ಹಳದಿ ಕಣ್ಣು, ಕಣ್ಣಿನಿಂದ ಕೊಕ್ಕಿನ ಬುಡಕ್ಕೆ ಹರಿದ ಬರಿಚರ್ಮ, ಕೊಕ್ಕಿನ ಕಪ್ಪು ತುದಿ ಎಲ್ಲಕ್ಕೂ ಅಷ್ಟು ಸಾಕು. ಹತ್ತಿರದಿಂದ ನೋಡಿದಾಗಲೇ ಗೊತ್ತಾಗುವ ಒಂದು ಸಂಗತಿಯಿದೆ: ಹಕ್ಕಿಗೆ ಮೂರನೆಯ ರೆಪ್ಪೆಯೊಂದುಂಟು. ಅರೆಪಾರದರ್ಶಕವಾದ ಆ ಪೊರೆ ಕೊಕ್ಕಿನ ಕಡೆಯಿಂದ ಅಡ್ಡಕ್ಕೆ ಸರಿದು ಕಣ್ಣನ್ನು ಒರೆಸಿ ಹೋಗುತ್ತದೆ. ಆ ಗಳಿಗೆಯಲ್ಲಿ ಕ್ಲಿಕ್ಕಿಸಿದ ಚಿತ್ರದಲ್ಲಿ ಕಣ್ಣು ಪೊರೆ ಬಂದಂತೆ ಮಂಕಾಗಿರುತ್ತದೆ. ದೂರದ ಚಿತ್ರದಲ್ಲಿ ಇದು ಕಾಣದು. ಮ್ಯಾಕ್ರೊದಲ್ಲಿ ಇಡೀ ಚಿತ್ರ ಕೆಡುತ್ತದೆ. ಅದಕ್ಕೇ ಎರಡು ಮೂರು ಚಿತ್ರ ಬೆನ್ನುಬೆನ್ನಿಗೆ ತೆಗೆಯುವುದು ವಾಡಿಕೆ.

ಹಿಂದೆ ಬೀಳುವುದಕ್ಕಿಂತ ಮುಂದೆ ಹೋಗಿ ಕಾಯುವುದು ಮೇಲು. ಒಮ್ಮೆ ಬಸದಿಯ ಹುಲ್ಲುಹಾಸಿನಲ್ಲಿ ಗೊರವಂಕಗಳ ಬೆನ್ನು ಹತ್ತಿದ್ದ ನನಗೆ ಗಿಡಗಳಿಗೆ ನೀರು ಹಾಯಿಸುತ್ತಿದ್ದ ಹಿರಿಯರೊಬ್ಬರು, “ಮೇಷ್ಟ್ರೇ, ಅವುಗಳ ಹಿಂದಿಂದೆ ಹೋಗಬ್ಯಾಡಿ. ಪೈಪ್ ಬಿಟ್ಟ ಮೇಲೆ ಅವೇ ಬತ್ತವೆ, ಇಲ್ಲೇ ಕುಂತ್ಕಳಿ” ಎಂದಿದ್ದರು. ನೀರು ಇಂಗುತ್ತಿದ್ದಂತೆ ಮಣ್ಣಿನೊಳಗಿನ ಹುಳುಗಳು ಮೇಲೆ ಬಂದವು, ಹುಳುವಿನ ಹಿಂದೆ ಗೊರವಂಕ, ಗೊರವಂಕದ ಹಿಂದೆ ಬಾಲ ಕುಣಿಸುವ ಕುಂಡೆಕುಸ್ಕ. ಹಕ್ಕಿಯ ದಿನಚರಿ ಜಾಗದ ದಿನಚರಿಗೆ ಹೊಂದಿಕೊಂಡೇ ಇರುತ್ತದೆ. ನೀರು ಯಾವಾಗ ಬಿಡುತ್ತಾರೆ, ದನ ಯಾವ ಹೊಲಕ್ಕೆ ಹೊಡೆಯುತ್ತಾರೆ, ಯಾವ ಗಿಡ ಹೂ ಬಿಟ್ಟಿದೆ ಎಂಬುದನ್ನು ಕೇಳಿ ತಿಳಿದವನಿಗೆ ಅರ್ಧ ಕೆಲಸ ಮುಗಿದಂತೆ.

ಹೂವಿನ ಮಾತು ಬಂದರೆ ಸೂರಕ್ಕಿ. ಬೆನ್ನು ಕಂದು, ಹೊಟ್ಟೆ ಹಳದಿ, ಕತ್ತು ನೇರಳೆಯಾಗಿರುವ ಗಂಡು ಸೂರಕ್ಕಿ ದಾಸವಾಳದ ಗಿಡವನ್ನು ಒಂದೊಂದೇ ಹೂವಾಗಿ ಮುಗಿಸಿ, ಸ್ವಲ್ಪ ಹೊತ್ತಿಗೆ ಅದೇ ಹಾದಿಯಲ್ಲಿ ಮರಳಿ ಬರುತ್ತದೆ. ಅದು ಬಂದ ಮೇಲೆ ಫೋಕಸ್ ಹುಡುಕುವುದು ವ್ಯರ್ಥ. ಮ್ಯಾಕ್ರೊ ಲೆನ್ಸಿನ ಆಟೊಫೋಕಸ್ ನಿಧಾನ. ಹತ್ತಿರದ ತುದಿಯಿಂದ ದೂರದ ತುದಿಯವರೆಗೆ ಒಮ್ಮೆ ಓಡಿ ಬರುವುದರಲ್ಲಿ ಹಕ್ಕಿ ಮುಂದಿನ ಗಿಡದಲ್ಲಿರುತ್ತದೆ. ಲೆನ್ಸಿನ ಪಕ್ಕದಲ್ಲಿ ಫೋಕಸ್ ಓಟಕ್ಕೆ ಮಿತಿ ಹಾಕುವ ಗುಂಡಿ ಇದ್ದರೆ ಅದನ್ನು ಬಳಸಬೇಕು. ಇಲ್ಲವಾದರೆ ಹೂವಿನ ತೊಟ್ಟಿಗೇ ಫೋಕಸ್ ಕಟ್ಟಿ, ಕೈಯಲ್ಲೇ ಇಟ್ಟುಕೊಂಡು, ಮೈಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸಬೇಕು. ಒಂದು ಮೀಟರಿನಲ್ಲಿ ಎಫ್ 2.8ರ ಆಳ ಸುಮಾರು ಒಂದು ಸೆಂಟಿಮೀಟರ್, ಎಫ್ 8ರದ್ದು ಮೂರು. ಬೆಳಕಿದ್ದರೆ ಎಫ್ 8 ಬೇಕು, ಏಕೆಂದರೆ ಕಣ್ಣಿನ ಜೊತೆ ಬಾಗಿದ ಕೊಕ್ಕೂ ಬರಬೇಕು. ಶಟರ್ ಸೆಕೆಂಡಿನ 1600ನೇ ಒಂದು ಭಾಗಕ್ಕಿಂತ ನಿಧಾನವಾದರೆ ತಲೆ ಕೊಡವುವುದರಲ್ಲೇ ಎಲ್ಲ ಕಲಸಿಹೋಗುತ್ತದೆ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಟ್ರೈಪಾಡ್ ಹೂಡಲು ಪುರಾತತ್ವ ಇಲಾಖೆಯ ಅನುಮತಿ ಬೇಕಾದ್ದರಿಂದ ಇಲ್ಲಿ ಬಹುಪಾಲು ಕೆಲಸ ಕೈಯಲ್ಲೇ. ಮೊಣಕೈಯನ್ನು ಮಂಡಿಗೆ ಊರಿ, ಉಸಿರು ಅರ್ಧ ಬಿಟ್ಟು ಒತ್ತಬೇಕು.

ಸೂರಕ್ಕಿಯ ಬಣ್ಣವೂ ಒಂದು ಪಾಠ. ನೆತ್ತಿಯ ಹಸಿರು ಈ ಕ್ಷಣ ಹೊಳೆದು, ತಲೆ ತಿರುಗಿಸಿದೊಡನೆ ಕಪ್ಪಾಗುತ್ತದೆ. ಅಲ್ಲಿ ಹಸಿರು ವರ್ಣದ್ರವ್ಯವೇ ಇಲ್ಲ. ಗರಿಯ ಅತಿಸಣ್ಣ ಎಳೆಗಳೊಳಗೆ ಪದರ ಪದರವಾಗಿ ಕೂತ ಕಣಗಳು ಬೆಳಕನ್ನು ಒಂದು ಕೋನದಲ್ಲಿ ಮಾತ್ರ ಹಾಗೆ ಮರಳಿಸುತ್ತವೆ. ಆದ್ದರಿಂದ ಬೆಳಕು ನಮ್ಮ ಬೆನ್ನ ಕಡೆಯಿಂದ ಹಕ್ಕಿಗೆ ಬೀಳುವಂತೆ ಕೂರುವುದು ಒಳ್ಳೆಯದು. ಎಷ್ಟೇ ಬೆಲೆಬಾಳುವ ಲೆನ್ಸಾದರೂ ಪಕ್ಕದಲ್ಲಿ ಕೂತವನಿಗೆ ಆ ಹಸಿರು ಸಿಗುವುದಿಲ್ಲ.

ನಮ್ಮನ್ನು ಬಿಟ್ಟುಕೊಳ್ಳದ ಹಕ್ಕಿಗಳೂ ಇವೆ. ಅವು ಕ್ಯಾಮೆರಾವನ್ನು ಬಿಟ್ಟುಕೊಳ್ಳುತ್ತವೆ! ಬಸದಿಯ ಆವರಣ ದಾಟಿ, ಹೊಲದವರನ್ನು ಕೇಳಿಕೊಂಡು, ಬದುವಿನ ಬೇಲಿಯಲ್ಲಿ ಕಳ್ಳಿಪೀರ ಕೂರುವ ಗೂಟವೊಂದನ್ನು ಗುರುತಿಸಿಕೊಳ್ಳಬೇಕು. ಕಳ್ಳಿಪೀರ ಗಾಳಿಯಲ್ಲಿ ಜೇನುನೊಣ ಹಿಡಿದು ಮತ್ತೆ ಅದೇ ಗೂಟಕ್ಕೆ ಬರುತ್ತದೆ. ನೊಣವನ್ನು ಗೂಟಕ್ಕೆ ಬಡಿದು, ಹಿಂಭಾಗವನ್ನು ಉಜ್ಜಿ ವಿಷ ಕಳೆದು, ಆಮೇಲೆ ಎಸೆದು ನುಂಗುತ್ತದೆ. ಗೂಟದಿಂದ ಒಂದು ಮೀಟರಿನಲ್ಲಿ ಮೊದಲು ಗೋಣಿತಾಟು ಸುತ್ತಿದ ಖಾಲಿ ಡಬ್ಬವನ್ನು ಇಟ್ಟು ಬಂದುಬಿಡಬೇಕು. ಹಕ್ಕಿಗೆ ಅದು ರೂಢಿಯಾದ ಮೇಲೆ ಡಬ್ಬದ ಜಾಗಕ್ಕೆ ಕ್ಯಾಮೆರಾ. ಕೆಳಗೆ ರಾಗಿ ತುಂಬಿದ ಬಟ್ಟೆ ಚೀಲ ಹಾಕಿದರೆ ಲೆನ್ಸು ಬೇಕಾದ ಓರೆಗೆ ಕೂರುತ್ತದೆ. ಫೋಕಸ್ಸನ್ನು ಗೂಟದ ತಲೆಗೆ ಕಟ್ಟಿ, ಉಂಗುರಕ್ಕೆ ಟೇಪು ಅಂಟಿಸಿ, ಸದ್ದಿಲ್ಲದ ಶಟರ್ ಹಾಕಿ, ಮೊಬೈಲಿನಿಂದಲೋ ರಿಮೋಟಿನಿಂದಲೋ ದೂರದ ಹೊಂಗೆಮರದ ಕೆಳಗೆ ಕೂತು ಒತ್ತುವುದು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಬೀಸುವ ರೆಕ್ಕೆ ಸೊಟ್ಟಗೆ ಬರುವುದುಂಟು. ಕೂತ ಹಕ್ಕಿಗೆ ಅದೇನೂ ತೊಂದರೆಯಿಲ್ಲ. ಹೀಗೆ ಬಂದ ಚಿತ್ರದಲ್ಲಿ ಕಳ್ಳಿಪೀರದ ಕೆಂಪು ಕಣ್ಣು, ಕೊಕ್ಕಿನ ಮೇಲಿನ ಜೇನಿನ ರೆಕ್ಕೆಯ ನರಗಳು, ಅದರಾಚೆ ಹೊಲ, ತೆಂಗು, ಪುಷ್ಪಗಿರಿಯ ಬೆಟ್ಟದ ಸಾಲು ಎಲ್ಲ ಇರುತ್ತವೆ. ಹಕ್ಕಿ ಯಾವ ಊರಿನದೆಂದು ಚಿತ್ರವೇ ಹೇಳುತ್ತದೆ. ಟೆಲಿ ಲೆನ್ಸಿನಲ್ಲಿ ತೆಗೆದ ಸಾವಿರಾರು ಸೊಗಸಾದ ಚಿತ್ರಗಳಲ್ಲಿ ನನಗೆ ಕೊರತೆಯಾಗಿ ಕಾಣುವುದು ಇದೇ.

ಹತ್ತಿರ ಹೋಗಿಯೇ ತೆಗೆಯಬೇಕೆನ್ನುವುದು ಹೊಸ ಹಟವಲ್ಲ. ಹಕ್ಕಿ ಛಾಯಾಗ್ರಹಣ ಹುಟ್ಟಿದ್ದೇ ಹಾಗೆ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಸೋದರರು 1890ರ ದಶಕದಲ್ಲಿ ಭಾರದ ಕ್ಯಾಮೆರಾ, ಗಾಜಿನ ಫಲಕ ಹೊತ್ತು ಹೊರಟಾಗ ಇಂದಿನಂಥ ಉದ್ದ ಲೆನ್ಸುಗಳು ಇರಲಿಲ್ಲ. ಎತ್ತಿನ ಚರ್ಮವನ್ನು ಚೌಕಟ್ಟಿಗೆ ಹೊದಿಸಿ ಪೊಳ್ಳು ಎತ್ತೊಂದನ್ನು ಮಾಡಿ ಅದರೊಳಗೆ ಹೊಕ್ಕು ಕೂರುತ್ತಿದ್ದರು. ಮೇಯುವ ದನಕ್ಕೆ ಹಕ್ಕಿ ಹೆದರುವುದಿಲ್ಲ ಎಂಬುದು ಅವರು ಕಂಡುಕೊಂಡ ಗುಟ್ಟು; ಬೆಳ್ಳಕ್ಕಿಗಳು ದನದ ಗೊರಸಿಗಂಟಿಕೊಂಡೇ ನಡೆಯುವುದನ್ನು ನೋಡಿದ ನಮ್ಮ ಯಾವ ರೈತನಿಗೂ ಅದು ಗೊತ್ತು. ಬೆಂಗಳೂರಿನಲ್ಲಿದ್ದ ಟಿ.ಎನ್.ಎ. ಪೆರುಮಾಳ್ ಫಿಲ್ಮಿನ ಕಾಲದಲ್ಲಿ ಮರೆ ಕಟ್ಟಿ ಕಾದು ತೆಗೆದ ಚಿತ್ರಗಳು ಒಂದು ತಲೆಮಾರಿಗೇ ದಾರಿ ತೋರಿಸಿದವು. ಬೇಲೂರಿನಿಂದ ಪಶ್ಚಿಮಕ್ಕೆ, ಮೂಡಿಗೆರೆಯಲ್ಲಿ, ಪೂರ್ಣಚಂದ್ರ ತೇಜಸ್ವಿ ತೋಟದ ನಡುವೆ ಕ್ಯಾಮೆರಾ ಹಿಡಿದು ಕೂತಿದ್ದು ಕನ್ನಡ ಓದುಗರಿಗೆಲ್ಲ ಗೊತ್ತು. ಅವರ ‘ಕನ್ನಡ ನಾಡಿನ ಹಕ್ಕಿಗಳು’ ಕೈಯಲ್ಲಿ ಹಿಡಿದೇ ನಮ್ಮಲ್ಲಿ ಎಷ್ಟೋ ಜನ ಹಕ್ಕಿಯ ಹೆಸರು ಕಲಿತದ್ದು.

ಗೂಡಿನ ಮುಂದೆ ಕೂತು ತೆಗೆಯುವ ಹಳಬರ ದಾರಿ ಮಾತ್ರ ಇಂದು ಬೇಡ. ಗೂಡಿನಲ್ಲಿ ಹಕ್ಕಿ ಸುಲಭಕ್ಕೆ ಹಾರಿಹೋಗದು, ಮರಿಯ ಮೇಲಿನ ಆಸೆ ಅದನ್ನು ಕಟ್ಟಿಹಾಕಿರುತ್ತದೆ. ಅದನ್ನು ಒಪ್ಪಿಗೆ ಎಂದುಕೊಳ್ಳುವುದು ಅನ್ಯಾಯ. ಮ್ಯಾಕ್ರೊ ಹಿಡಿದವನು ಗೂಡಿನ ಒಂದು ಮೀಟರಿಗೆ ಹೋದರೆ ತಾಯಿ ಗೂಡು ಬಿಟ್ಟೇಬಿಡಬಹುದು, ಅಥವಾ ಅವನು ಸರಿಸಿದ ಎಲೆಯ ಸಂದಿಯಿಂದ ಕಾಗೆ ಮರಿಗಳನ್ನು ಕಾಣಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನು ಬೇಟೆಯ ಅರ್ಥದೊಳಗೇ ಸೇರಿಸಿದೆ. ಮೊಬೈಲಿನಲ್ಲಿ ಕೂಗು ನುಡಿಸಿ ಹಕ್ಕಿಯನ್ನು ಎದುರಿಗೆ ಕರೆಸುವುದೂ ಇದೇ ಸಾಲಿಗೆ ಸೇರಿದ್ದು. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಕೆರಳಿ ಬಂದ ಹಕ್ಕಿ ನಮ್ಮನ್ನು ಒಪ್ಪಿ ಬಂದದ್ದಲ್ಲ.

ಮ್ಯಾಕ್ರೊ ಲೆನ್ಸಿನ ಪೂರ್ತಿ ಬಲವನ್ನು, ಆ ಒಂದಕ್ಕೊಂದರ ನಿಜಗಾತ್ರವನ್ನು, ಹಕ್ಕಿಗೆ ನೋವಿಲ್ಲದೆ ಬಳಸಲು ಒಂದು ದಾರಿಯಿದೆ: ಉದುರಿದ ಗರಿ. ಕೆರೆಯ ಏರಿಯ ಮೇಲೆ ಒಮ್ಮೊಮ್ಮೆ ಮಿಂಚುಳ್ಳಿಯ ನೀಲಿ ಗರಿ ಬಿದ್ದಿರುತ್ತದೆ. ಅಷ್ಟು ಹತ್ತಿರದಲ್ಲಿ ಎಫ್ 8ರಲ್ಲೂ ಸ್ಪಷ್ಟತೆಯ ಆಳ ಒಂದು ಮಿಲಿಮೀಟರ್ ಮಾತ್ರ, ಹಾಗಾಗಿ ಗರಿಗೆ ಸಮಾನಾಂತರವಾಗಿ ಲೆನ್ಸನ್ನು ಹಿಡಿಯಬೇಕು. ನಡುದಂಡದಿಂದ ಹೊರಟ ಎಳೆಗಳು, ಎಳೆಗಳಿಂದ ಹೊರಟ ಮರಿ ಎಳೆಗಳು ಸಾಲಾಗಿ ಕಾಣುತ್ತವೆ. ಆ ಮರಿ ಎಳೆಗಳಿಗೆ ಕೊಕ್ಕೆಗಳಿದ್ದು, ಚೀಲದ ಜಿಪ್ಪಿನಂತೆ ಒಂದಕ್ಕೊಂದು ಸಿಕ್ಕಿಕೊಂಡು ಗಾಳಿಗೆ ಬಿಚ್ಚದ ಹಾಳೆಯಾಗಿರುತ್ತವೆ. ಹಕ್ಕಿ ಕೊಕ್ಕಿನಿಂದ ಸದಾ ಮೈ ಸವರಿಕೊಳ್ಳುವುದು ಬಿಚ್ಚಿದ ಈ ಕೊಕ್ಕೆಗಳನ್ನು ಕೂಡಿಸಲು. ಅದೇ ಗರಿಯನ್ನು ಇದ್ದಲ್ಲೇ ಎದುರುಬೆಳಕಿನಲ್ಲಿ ನೋಡಿ: ನೀಲಿ ಮಾಯವಾಗಿ ಮಾಸಲು ಕಂದು ಉಳಿಯುತ್ತದೆ. ಮಿಂಚುಳ್ಳಿಯ ಮೈಯಲ್ಲಿ ನೀಲಿ ದ್ರವ್ಯವಿಲ್ಲ, ಗರಿಯ ಎಳೆಯೊಳಗಿನ ರಂಧ್ರಮಯ ರಚನೆ ನೀಲಿ ಬೆಳಕನ್ನಷ್ಟೇ ಚದುರಿಸಿ ನಮಗೆ ಕೊಡುತ್ತದೆ. ಚಿತ್ರ ತೆಗೆದ ಮೇಲೆ ಗರಿಯನ್ನು ಅಲ್ಲೇ ಬಿಟ್ಟು ಬರಬೇಕು.

ಹೊಸಬರು ಗೊರವಂಕದಿಂದಲೇ ಶುರು ಮಾಡಲಿ ಎಂಬುದು ನನ್ನ ಸಲಹೆ. ಸಾಮಾನ್ಯ ಹಕ್ಕಿ ಎಂದು ಅದನ್ನು ಯಾರೂ ತೆಗೆಯುವುದಿಲ್ಲ, ಆದ್ದರಿಂದ ಅದರ ಒಳ್ಳೆಯ ಚಿತ್ರಗಳೂ ಕಡಿಮೆ. ಹಳೆಯದಾದರೂ ಚೆನ್ನಾಗಿರುವ ತೊಂಬತ್ತು ಮಿಲಿಮೀಟರಿನ ಮ್ಯಾಕ್ರೊ ಸಾಕು. ಬೆಳಗ್ಗೆ ಆವರಣದ ಬಾಗಿಲು ತೆರೆಯುವ ಹೊತ್ತಿಗೆ ಬಂದು, ಹುಲ್ಲಿನ ಅಂಚಿನಲ್ಲಿ ಕೂತು, ಮೊದಲ ಅರ್ಧ ಗಂಟೆ ಕ್ಯಾಮೆರಾ ಮುಟ್ಟದೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ನಡೆಯುತ್ತದೆ ಎಂದು ನೋಡಬೇಕು. ಕಣ್ಣಿನ ಸುತ್ತಲ ಹಳದಿ ಚರ್ಮ, ಕತ್ತಿನ ಕಪ್ಪು ಕಂದಾಗಿ ಕರಗುವ ಗೆರೆ, ಕಾಲಿನ ಹುರುಪೆಗಳು ಚಿತ್ರದಲ್ಲಿ ಬಿಡಿಬಿಡಿಯಾಗಿ ಬಂದ ದಿನ ಮಿಂಚುಳ್ಳಿಯ ಕಡೆ ತಿರುಗಬಹುದು.